ಜೊತೆಗೊಬ್ಬಳು

"ಲೇ ಸುಮಿ, ಹಾಳಿ ಸ್ವಲ್ಪ ಈ ಕಡೆ ಸರಸ."

ಪಕ್ಕದ ಸಾಲಿನಿಂದ ನೇತ್ರಾವತಿಯ ಪಿಸುದನಿ ಬಂದಾಗ ಸುಮಂಗಲಾ ಪ್ರಮೇಯದ ಕೊನೆಯ ಹಂತ ಬರೆಯುತ್ತಿದ್ದಳು. ತಲೆ ಎತ್ತಲಿಲ್ಲ. ಕೋಣೆಯಲ್ಲಿ ಫ್ಯಾನಿನ ಕಿರುಗುಟ್ಟುವಿಕೆ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕರಿಹಲಗೆಯ ಮೇಲ್ಗಡೆ ಗೋಡೆಗೆ ಬಡಿದಿದ್ದ ಕ್ಯಾಮೆರಾ ಎಲ್ಲರನ್ನೂ ಒಟ್ಟಿಗೆ ನೋಡುತ್ತಿತ್ತು. ಪರೀಕ್ಷೆ ಶುರುವಾಗುವ ಮೊದಲೇ ಮೇಲ್ವಿಚಾರಕರು ಅದರತ್ತ ಬೆರಳು ತೋರಿಸಿ ಹೇಳಿದ್ದರು: "ಅಲ್ಲಿ ಕೊಪ್ಪಳದಾಗ ಕುಂತು ನೋಡಾಕತ್ತಾರ. ನೀವು ಹೊಳ್ಳಿ ನೋಡಿದ್ರ ನಿಮ್ಮ ಪರೀಕ್ಷಿನೂ ಹೋಕ್ಕೈತಿ, ನನ್ನ ನೌಕರಿನೂ ಹೋಕ್ಕೈತಿ."

"ಅದೊಂದ ಲೆಕ್ಕ ಸಾಕಲೇ. ನಿನ್ನ ಕಾಲಿಗೆ ಬೀಳ್ತೀನಿ."

ಸುಮಂಗಲಾಳ ಎಡಗೈ ತನ್ನಷ್ಟಕ್ಕೆ ತಾನೇ ಸರಿದು ಬಂದು ಉತ್ತರಪತ್ರಿಕೆಗೆ ಅಡ್ಡವಾಗಿ ಕುಳಿತಿತು. ಅವಳು ಹಾಗೆ ಮಾಡಬೇಕೆಂದುಕೊಂಡಿರಲಿಲ್ಲ. ಆದರೆ ಕೈಯನ್ನು ಹಿಂದೆ ತೆಗೆದುಕೊಳ್ಳಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಓರೆಗಣ್ಣಿನಿಂದ ನೋಡಿದರೆ ನೇತ್ರಾವತಿ ಪೆನ್ನಿನ ಮುಚ್ಚಳ ಕಚ್ಚುತ್ತಾ ಕಿಟಕಿಯಾಚೆಗಿನ ಬೇವಿನಮರವನ್ನು ನೋಡುತ್ತಿದ್ದಳು. ಸಿಟ್ಟಾದವಳಂತೆ ಕಾಣಲಿಲ್ಲ. ಆಟದ ನಡುವೆ ಔಟಾಗಿ ಹೊರಗೆ ಕೂತವರು ಕಾಣುತ್ತಾರಲ್ಲ, ಹಾಗಿದ್ದಳು.

ಆ ಊರಿನ ಪ್ರೌಢಶಾಲೆಗೆ ಎರಡು ವರ್ಷದಿಂದ ಗಣಿತದ ಮಾಸ್ತರರಿರಲಿಲ್ಲ. ಸಮಾಜ ವಿಜ್ಞಾನ ಕಲಿಸಲು ಬಂದಿದ್ದ ಅತಿಥಿ ಶಿಕ್ಷಕ ಆಸೀಫ ಸರ್ ತಮಗೆ ತಿಳಿದಷ್ಟು ಲೆಕ್ಕವನ್ನೂ ಹೇಳಿಕೊಡುತ್ತಿದ್ದರು. ತಿಳಿಯದೆ ಹೋದಲ್ಲಿ ನಿಂತು, "ಸುಮಂಗಲಾ, ಮುಂದಿಂದು ನೀನ ಮಾಡಿ ತೋರ್ಸವ್ವ" ಎಂದು ಸೀಮೆಸುಣ್ಣ ಚಾಚುತ್ತಿದ್ದರು. ಆ ಹತ್ತನೇ ತರಗತಿಯೇ ಒಂದು ಥರ. ಮುಷರಫ ಎಂಬ ಹುಡುಗ ಹೆಡ್‌ಮಾಸ್ತರರ ನಡಿಗೆ, ಕೆಮ್ಮು, ಕನ್ನಡಕ ಒರೆಸುವ ರೀತಿ ಎಲ್ಲವನ್ನೂ ಹಾಗೇ ಮಾಡಿ ತೋರಿಸುತ್ತಿದ್ದ. ಹನಮೇಶ ಅಪ್ಪನ ಜೊತೆ ನಸುಕಿನಲ್ಲೇ ಇಟ್ಟಿಗೆ ಭಟ್ಟಿಗೆ ಹೋಗಿ ಬಂದು ಕೊನೆಯ ಬೆಂಚಿನಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಿದ್ದ, ಯಾರೂ ಎಬ್ಬಿಸುತ್ತಿರಲಿಲ್ಲ. ಹುಡುಗಿಯರಂತೂ ಬೀಜದ ಹಂಗಾಮು ಬಂದರೆ ಅರ್ಧಕ್ಕರ್ಧ ಮಾಯ. ಸುತ್ತಲಿನ ಹೊಲಗಳಲ್ಲಿ ಬಿಳಿ ಪರದೆ ಕಟ್ಟಿ, ಕಂಪನಿಯವರಿಗಾಗಿ ಟೊಮೆಟೊ, ಮೆಣಸಿನಕಾಯಿ ಬೀಜ ಬೆಳೆಯುತ್ತಾರೆ. ಒಂದೊಂದೇ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಬೇಕು. ಆ ಕ್ರಾಸಿಂಗ್ ಕೆಲಸಕ್ಕೆ ಹುಡುಗಿಯರ ಸಣ್ಣ ಬೆರಳೇ ಬೇಕು.

ಫೆಬ್ರುವರಿಯಲ್ಲಿ ಬೀಳ್ಕೊಡುಗೆ ನಡೆದಾಗ ಅವರೆಲ್ಲರೂ ಬಂದಿದ್ದರು. ಅಕ್ಕಂದಿರ ಸೀರೆ ಉಟ್ಟು, ಹೂ ಮುಡಿದು, ಯಾರು ಯಾರೆಂದು ಗುರುತೇ ಸಿಗದಂತೆ. ಮೆಹರಾಜ ಎಂಬ ಹುಡುಗಿ ಅಂಗೈ ತುಂಬ ಮೆಹಂದಿ ಹಚ್ಚಿಕೊಂಡು ಬಂದಿದ್ದಳು. ಅದು ಬೀಳ್ಕೊಡುಗೆಗಲ್ಲ, ಅವಳ ನಿಶ್ಚಿತಾರ್ಥದ್ದು ಎಂದು ಆಮೇಲೆ ತಿಳಿಯಿತು. ಹೆಡ್‌ಮಾಸ್ತರರ ಎದುರಿಗೇ ಮುಷರಫ ಅವರ ಹಾಗೆ ಕೆಮ್ಮಿ ಭಾಷಣ ಮಾಡಿದ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಕೊನೆಗೆ ಆಸೀಫ ಸರ್ ಒಬ್ಬೊಬ್ಬರನ್ನೇ ನಿಲ್ಲಿಸಿ ಮುಂದೇನಾಗುತ್ತೀರಿ ಎಂದು ಕೇಳಿದರು. ಪೊಲೀಸು, ಮಿಲಿಟರಿ, ನರ್ಸು ಎಂದರು. ಸುಮಂಗಲಾ, "ಗಣಿತದ ಟೀಚರ್ ಆಗ್ತೀನ್ರಿ" ಎಂದಾಗ ಚಪ್ಪಾಳೆ ಬಿತ್ತು. ತಾಲ್ಲೂಕು ಮಟ್ಟದವರೆಗೂ ಖೋಖೋ ಆಡಿ ಬಂದಿದ್ದ ನೇತ್ರಾವತಿ ಎದ್ದು ನಿಂತು, "ನಾ ಏನೂ ಆಗಂಗಿಲ್ರಿ ಸರ. ಹಿಂಗ ಇರ್ತೀನ್ರಿ" ಎಂದಳು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು.

ಆ ಹೊತ್ತಿಗಾಗಲೇ ಸುಮಂಗಲಾಳಿಗೆ ಮನೆಯ ಮಾತು ಗೊತ್ತಿತ್ತು. ಅಪ್ಪ ಗ್ಯಾನಪ್ಪ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ರವಿವಾರಕ್ಕೊಮ್ಮೆ ಊರಿಗೆ ಬಂದರೆ ಮಗಳ ಪುಸ್ತಕಗಳನ್ನು ಸುಮ್ಮನೆ ತೆಗೆದು ನೋಡಿ ಮತ್ತೆ ಹಾಗೇ ಜೋಡಿಸಿಡುತ್ತಿದ್ದ. ಓದಿಸಬಾರದೆನ್ನುವ ಮನುಷ್ಯನಲ್ಲ. ಆದರೆ ಕೊಪ್ಪಳದ ಕಾಲೇಜಿಗೆ ಹೋಗಬೇಕೆಂದರೆ ಊರಿನಿಂದ ಕ್ರಾಸಿನವರೆಗೆ ಜಾಲಿಗಿಡಗಳ ನಡುವೆ ನಡೆಯಬೇಕು. ಕ್ರಾಸಿನಲ್ಲಿ ಬ್ರಾಂದಿ ಅಂಗಡಿಯ ಪಕ್ಕದಲ್ಲೇ ಬಸ್ಸಿಗೆ ಕಾಯಬೇಕು. ಹಿಂದಿನ ವರ್ಷ ಹಾಗೆ ಒಬ್ಬಳೇ ಓಡಾಡುತ್ತಿದ್ದ ಹುಡುಗಿಯ ಫೋಟೊವನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದ್ದರು. ಹುಡುಗಿ ಏನೂ ಮಾಡಿರಲಿಲ್ಲ, ಬಸ್ಸಿಗೆ ಕಾಯುತ್ತಾ ನಿಂತಿದ್ದಳು, ಅಷ್ಟೇ. ಅವಳ ಕಾಲೇಜು ಅಲ್ಲಿಗೇ ಮುಗಿಯಿತು.

"ಜೋಡಿ ಯಾರರ ಇದ್ರ ಕಳಸ್ತೀನವ್ವ" ಎಂದಿದ್ದ ಗ್ಯಾನಪ್ಪ. "ಒಬ್ಬಾಕೀನ ಮಾತ್ರ ಕಳ್ಸಂಗಿಲ್ಲ."

ಜೋಡಿ ಎಂದರೆ ತರಗತಿಯ ಇನ್ನೊಬ್ಬಳು. ಮೆಹರಾಜಳದು ಮುಗಿದ ಮಾತು. ಉಳಿದವರಲ್ಲಿ ಕಾಲೇಜಿಗೆ ಕಳಿಸುತ್ತೇವೆ ಎಂದು ಬಾಯಿಬಿಟ್ಟು ಹೇಳಿದ್ದು ನೇತ್ರಾವತಿಯ ಮನೆಯವರೊಬ್ಬರೇ, ಅದೂ ಪಾಸಾದರೆ. ಅಂದಿನಿಂದ ಸುಮಂಗಲಾ ದಿನಾ ಸಂಜೆ ಅವಳ ಮನೆಯ ಕಟ್ಟೆಯ ಮೇಲೆ ಕೂತು ಲೆಕ್ಕ ಹೇಳಿಕೊಟ್ಟಳು. ನೇತ್ರಾವತಿ ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತಿದ್ದಳು, ನಡುವೆ ಎದ್ದು ಹೋಗಿ ಆಡಿಗೆ ಸೊಪ್ಪು ಹಾಕಿ ಬರುತ್ತಿದ್ದಳು, ಬಂದು ಕೂತಾಗ ಮೊದಲಿನದೆಲ್ಲ ಮರೆತಿರುತ್ತಿದ್ದಳು. "ನೀ ಭಾಳ ಛಲೋ ಹೇಳ್ತೀಯಲೇ. ನನ್ನ ತಲಿನ ಸರಿ ಇಲ್ಲ" ಎಂದು ನಗುತ್ತಿದ್ದಳು. ಅವಳು ನಕ್ಕಾಗಲೆಲ್ಲ ಸುಮಂಗಲಾಳಿಗೆ ಅಳು ಬಂದಂತಾಗುತ್ತಿತ್ತು.

ಫಲಿತಾಂಶ ಬಂದ ದಿನ ಎಲ್ಲರೂ ಶಾಲೆಯ ಗೇಟಿನ ಬಳಿ ಮುಷರಫನ ಮೊಬೈಲಿನ ಸುತ್ತ ಮುಗಿಬಿದ್ದಿದ್ದರು. ಅವನು ಒಂದೊಂದೇ ನಂಬರು ಒತ್ತಿ ಓದಿದ. ಮೊದಮೊದಲು ಹೆಡ್‌ಮಾಸ್ತರರ ದನಿಯಲ್ಲಿ ಓದುತ್ತಿದ್ದವನು ನಾಲ್ಕೈದು ಹೆಸರು ದಾಟುವಷ್ಟರಲ್ಲಿ ತನ್ನದೇ ದನಿಗೆ ಬಂದ. ಹುಡುಗರಲ್ಲಿ ಅವನೂ ಸೇರಿ ಬೆರಳೆಣಿಕೆಯಷ್ಟು ಮಂದಿ ದಾಟಿದ್ದರು. ಹುಡುಗಿಯರಲ್ಲಿ ಸುಮಂಗಲಾ ಒಬ್ಬಳೇ. ಶಾಲೆಗೇ ಮೊದಲಿಗಳು. ನೇತ್ರಾವತಿ ಉಳಿದೆಲ್ಲ ವಿಷಯಗಳಲ್ಲಿ ಹೇಗೋ ಪಾಸಾಗಿ ಗಣಿತವೊಂದರಲ್ಲಿ ಬಿದ್ದಿದ್ದಳು. ಒಂದೆರಡು ಲೆಕ್ಕ ಸರಿಯಾಗಿದ್ದರೆ ಸಾಕಿತ್ತು.

"ಪೇಡೆ ಯಾವಾಗ ಕೊಡಸ್ತೀಲೇ ಸುಮಿ?" ಎಂದಳು ನೇತ್ರಾವತಿ, ಎಲ್ಲರಿಗೂ ಕೇಳುವಂತೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಮನೆ ಕಡೆ ನಡೆದುಬಿಟ್ಟಳು.

ರವಿವಾರ ಆಸೀಫ ಸರ್ ಪೇಡೆಯ ಪೊಟ್ಟಣ ಹಿಡಿದು ಮನೆಗೇ ಬಂದರು. ಗ್ಯಾನಪ್ಪ ಅವರಿಗೆ ಕಂಬಳಿ ಹಾಸಿ ತಾನು ಹೊಸ್ತಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತ.

"ಗ್ಯಾನಪ್ಪಾರ, ಇಂಥಾ ಹುಡುಗಿ ನಮ್ಮ ಸಾಲ್ಯಾಗ ಇನ್ನೊಂದ ಇಲ್ರಿ. ಸೈನ್ಸ್ ಕೊಡಸ್ರಿ."

"ಕೊಡಸಬೇಕ್ರಿ ಸರ. ಆದ್ರ ಜೋಡಿ ಯಾರದಾರ?"

"ಹಾಸ್ಟೆಲ್ ಐತಲ್ರಿ ಕೊಪ್ಪಳದಾಗ."

"ಹೆಣ್ಣ ಹುಡುಗೀನ ಹೊರಗ ಮಲಗಸೂದು ನಮ್ಮ ಮನ್ಯಾಗ ಇಲ್ರಿ."

"ನಮ್ಮ ಮುಷರಫ ದಿನಾ ಹೊಂಟಾನು. ಅದ ಬಸ್ಸು..." ಎಂದು ಹೇಳಲು ಹೊರಟ ಸರ್ ಗ್ಯಾನಪ್ಪನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಹುಡುಗ ಎಷ್ಟೇ ಒಳ್ಳೆಯವನಾದರೂ ಅವನು ಜೋಡಿಯಾಗುವುದಿಲ್ಲ; ಅವನಿದ್ದರೆ ಒಬ್ಬಳೇ ಇರುವುದಕ್ಕಿಂತ ಕಷ್ಟ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ರೊಟ್ಟಿ ಬಡಿಯುತ್ತಿದ್ದ ಅವ್ವ ಪಕ್ಕೀರವ್ವ ಒಳಗಿನಿಂದಲೇ, "ಕ್ರಾಸಿನ ತನಕ ನಾನ ದಿನಾ ಬಿಟ್ಟು ಬರ್ತೀನಿ" ಎಂದಳು.

"ಎಷ್ಟ ದಿನ?" ಎಂದ ಗ್ಯಾನಪ್ಪ. ಗದರಿಸುವ ದನಿಯಲ್ಲಲ್ಲ, ನಿಜವಾಗಿ ಕೇಳಿದ. ಬೀಜದ ಹೊಲಕ್ಕೆ ಹೆಣ್ಣಾಳುಗಳನ್ನು ಒಯ್ಯುವ ಟಂಟಂ ಹೊತ್ತು ಮೂಡುವ ಮುಂಚೆಯೇ ಊರು ಬಿಡುತ್ತದೆ; ತಪ್ಪಿದರೆ ಪಕ್ಕೀರವ್ವನಿಗೆ ಅಂದಿನ ಕೂಲಿಯಿಲ್ಲ. ಹಿಟ್ಟಿನ ಮೇಲೆ ಅವಳ ಅಂಗೈ ಮತ್ತೆ ಬೀಳತೊಡಗಿತು.

ಆಸೀಫ ಸರ್ ಹೊರಡುವಾಗ ಸುಮಂಗಲಾಳನ್ನು ಅಂಗಳಕ್ಕೆ ಕರೆದು, "ಇನ್ನೊಂದ ಪರೀಕ್ಷಿ ಇದ ತಿಂಗಳ ಐತವ್ವ. ನೇತ್ರಾವತೀಗೆ ಒಂದ ವಿಷಯ ಅಷ್ಟ. ಆಕೀನ ಕೂಡಸು" ಎಂದರು.

ಅಂದೇ ಮಧ್ಯಾಹ್ನ ಸುಮಂಗಲಾ ಓಡಿದಳು. ನೇತ್ರಾವತಿ ಕಟ್ಟೆಯ ಮೇಲೆ ಗೋಣಿ ಹಾಸಿಕೊಂಡು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಕೈ ಮೊಣಕೈವರೆಗೆ ಕಂದಾಗಿತ್ತು.

"ಒಂದ ವಿಷಯಲೇ ನೇತ್ರಾ. ನಾ ದಿನಾ ಬರ್ತೀನಿ. ಬೇಕಾದ್ರ ಎರಡೂ ಹೊತ್ತು ಬರ್ತೀನಿ. ಬರೇ ಪಾಸ್ ಆಗೂವಷ್ಟ..."

"ನಾ ಬರಿಯಂಗಿಲ್ಲ."

"ಯಾಕ?"

ನೇತ್ರಾವತಿ ಕಲ್ಲೆತ್ತಿ ಹಣ್ಣಿನ ಮೇಲೆ ಹೊಡೆದಳು. ಬೀಜವೊಂದು ಸಿಡಿದು ಅಂಗಳಕ್ಕೆ ಹಾರಿತು. "ನಿನಗ ಜೋಡಿ ಬೇಕಂತ ನಾ ಪಾಸಾಗಬೇಕೇನಲೇ?"

ಸುಮಂಗಲಾ ಹಾರಿಬಿದ್ದ ಬೀಜವನ್ನು ಎತ್ತಿ ತಂದು ಗೋಣಿಯ ಮೇಲಿಟ್ಟಳು.

"ಅವತ್ತ ಹಾಳಿ ಸರಸಲಿಲ್ಲ. ಅದಕ್ಕ ನನಗ ಸಿಟ್ಟಿಲ್ಲ. ಕ್ಯಾಮೆರಾ ಇತ್ತು, ಅಂಜಿದಿ. ನಾನಾದ್ರೂ ಅಂಜತಿದ್ದೆ." ನೇತ್ರಾವತಿ ಈಗ ನಗುತ್ತಿರಲಿಲ್ಲ. "ಆದ್ರ ರಿಸಲ್ಟ್ ಬಂದು ಇಷ್ಟ ದಿನ ಆತು. ನೇತ್ರಾ ಫೇಲ್ ಆಗ್ಯಾಳ, ಮನ್ಯಾಗ ಏನಂದ್ರು, ಊಟ ಮಾಡ್ಯಾಳೋ ಇಲ್ಲೋ, ಕೇಳಾಕ ಬಂದೇನು? ಬರಲಿಲ್ಲ. ಇವತ್ತ ಬಂದಿ. ಯಾಕ ಬಂದಿ ಅಂತ ನನಗ ತಿಳೀತೈತಿ. ಲೆಕ್ಕ ಅಷ್ಟ ಬರಂಗಿಲ್ಲ ನನಗ."

"ಹಂಗಲ್ಲಲೇ..." ಎಂದಳು ಸುಮಂಗಲಾ. ಆದರೆ ಕಟ್ಟೆಯ ಮೇಲೆ ಕೂತ ಅಷ್ಟೂ ಸಂಜೆಗಳಲ್ಲಿ ಅವಳು ನೇತ್ರಾವತಿಯ ಹಾಳೆಯನ್ನು ನೋಡಿದ್ದಳೇ ಹೊರತು ಅವಳನ್ನು ನೋಡಿರಲಿಲ್ಲ.

"ನಮ್ಮಪ್ಪ ಮೂರ ದಿನ ನನ್ನ ಕೂಡ ಮಾತಾಡಲಿಲ್ಲ" ಎಂದಳು ನೇತ್ರಾವತಿ, ಕಲ್ಲು ಕೆಳಗಿಟ್ಟು. "ಮತ್ತ ಕುಂತು ಮತ್ತ ಫೇಲಾದ್ರ? ಸಾಕಲೇ. ಒಮ್ಮಿ ಸಾಕು. ನೀ ಹೋಗಿನ್ನ."

ಸುಮಂಗಲಾ ಆಮೇಲೆಯೂ ಎರಡು ಸಲ ಹೋದಳು. ಒಮ್ಮೆ ನೇತ್ರಾವತಿ ಮನೆಯಲ್ಲಿರಲಿಲ್ಲ. ಇನ್ನೊಮ್ಮೆ ಇದ್ದಳು, ಆದರೆ ಇಲ್ಲ ಎಂದು ಅವಳ ತಮ್ಮ ಬಂದು ಹೇಳಿದ. ಪರೀಕ್ಷೆಗೆ ಹಣ ಕಟ್ಟುವ ದಿನ ದಾಟಿತು, ಪರೀಕ್ಷೆಯೂ ದಾಟಿತು. ಆಸೀಫ ಸರ್ ಗುತ್ತಿಗೆ ಮುಗಿದು ಕುಷ್ಟಗಿ ಕಡೆಯ ಬೇರೆ ಶಾಲೆಗೆ ಹೋದರು. ಮುಷರಫ ಕೊಪ್ಪಳದಲ್ಲಿ ಕಾಲೇಜು ಸೇರಿದ. ಹನಮೇಶ ಈಗ ಹಗಲೂ ಭಟ್ಟಿಯಲ್ಲೇ ಇರುತ್ತಿದ್ದ. ಮೆಹರಾಜ ಯಲಬುರ್ಗಾದ ಗಂಡನ ಮನೆಗೆ ಹೋದಳು. ತರಗತಿಯ ವಾಟ್ಸ್ಯಾಪ್ ಗುಂಪಿನಲ್ಲಿ ಒಂದಷ್ಟು ದಿನ ಗುಡ್ ಮಾರ್ನಿಂಗ್ ಬಂದವು, ಆಮೇಲೆ ಅವೂ ನಿಂತವು.

ಕಾಲೇಜಿಗೆ ಸೇರುವ ಕೊನೆಯ ದಿನ ಗ್ಯಾನಪ್ಪ ಗಂಗಾವತಿಯಿಂದ ಫೋನು ಮಾಡಿದ್ದ. "ಉಂಡೇನವ್ವ?" ಎಂದು ಕೇಳಿದ. "ಉಂಡೆ" ಎಂದಳು. ಹಿಂದೆ ಗಿರಣಿಯ ಸದ್ದು ಕೇಳುತ್ತಿತ್ತು. ಅವನು ಫೋನು ಇಡಲಿಲ್ಲ. ಬಹಳ ಹೊತ್ತು ಇಬ್ಬರೂ ಆ ಸದ್ದನ್ನೇ ಕೇಳಿದರು.

ಆಷಾಢದಲ್ಲಿ ಬೀಜದ ಹೊಲಗಳಲ್ಲಿ ಹೂ ಶುರುವಾಯಿತು. "ಮನ್ಯಾಗ ಕುಂತ ಏನ ಮಾಡ್ತಿ, ಬಾ" ಎಂದಳು ಪಕ್ಕೀರವ್ವ. ಸುಮಂಗಲಾ ಅವ್ವ ಹೊಲಕ್ಕೆ ತೊಡುವ ಹಳೆಯ ಅಂಗಿಯೊಂದನ್ನು ಚೂಡಿದಾರದ ಮೇಲೆ ತೊಟ್ಟು, ಧೂಳಿಗೆ ಮುಖದ ತುಂಬ ಓಢಣಿ ಸುತ್ತಿಕೊಂಡು ಹೊರಟಳು. ಟಂಟಂ ತುಂಬಿಹೋಗಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಸರಳು ಹಿಡಿದು ನೇತಾಡುತ್ತಾ ನಿಂತಳು. ಒಳಗೆ ಮೆಟ್ಟಿಲ ಪಕ್ಕದ ಮೂಲೆಯಲ್ಲಿ ನೇತ್ರಾವತಿ ಕೂತಿದ್ದಳು. ಅವಳ ಮುಖಕ್ಕೂ ಬಟ್ಟೆ. ಕಣ್ಣುಗಳಷ್ಟೇ ಕಾಣುತ್ತಿದ್ದವು.

ಬೆಳಕು ಹರಿಯುವ ಹೊತ್ತಿಗೆ ಕ್ರಾಸಿನಲ್ಲಿ ಗಾಡಿ ನಿಧಾನವಾಯಿತು. ಅಲ್ಲಿ ವಿದ್ಯುತ್ ಕಂಬಗಳ ನಡುವೆ ಯುವಕ ಸಂಘದವರು ಬೇಸಿಗೆಯಲ್ಲಿ ಕಟ್ಟಿದ್ದ ಫ್ಲೆಕ್ಸು ಇನ್ನೂ ಇತ್ತು. ಎರಡು ಜಡೆ ಹಾಕಿದ ಹುಡುಗಿಯ ದೊಡ್ಡ ಫೋಟೊ, ಕೆಳಗೆ ಹೆಸರು, ಶಾಲೆಗೇ ಮೊದಲಿಗಳಾದುದಕ್ಕೆ ಅಭಿನಂದನೆ, ಸುತ್ತ ಯುವಕರ ಸಣ್ಣ ಸಣ್ಣ ಫೋಟೊಗಳು. ಗಾಳಿಗೆ ಒಂದು ಬದಿಯ ಹಗ್ಗ ಹರಿದು ಅದು ಬಡಬಡನೆ ಬಡಿದುಕೊಳ್ಳುತ್ತಿತ್ತು.

"ಯಾರ ಮಗಳಬೇ ಇದು? ಭಾಳ ಶಾಣ್ಯಾ ಇರಬೇಕು" ಎಂದಳು ಬೇರೆ ಊರಿನ ಮುದುಕಿಯೊಬ್ಬಳು.

ಪಕ್ಕೀರವ್ವ ಕೈಯಲ್ಲಿದ್ದ ಬುತ್ತಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಗಾಡಿ ಕೊಪ್ಪಳದ ರಸ್ತೆ ಬಿಟ್ಟು ಕಚ್ಚಾ ದಾರಿಗೆ ಹೊರಳಿದಾಗ ನೇತ್ರಾವತಿ ಸುಮ್ಮನೆ ತನ್ನ ಮೊಣಕಾಲು ಸರಿಸಿದಳು. ಅಂಗೈ ಅಗಲದಷ್ಟು ಜಾಗವಾಯಿತು. ಸುಮಂಗಲಾ ಒಳಗೆ ಸರಿದು ಅಲ್ಲಿ ಕೂತಳು. ಮುಂದೆ, ಸಾಲಾಗಿ ಕಟ್ಟಿದ ಬಿಳಿ ಪರದೆಗಳು ಗಾಳಿಗೆ ಉಬ್ಬಿ ಉಬ್ಬಿ ಇಳಿಯುತ್ತಿದ್ದವು.