ಎರಡು ಫ್ಲಾಂಜ್‌ಗಳ ನಡುವಿನ ತಟ್ಟೆ

ಅಂಜನಾಪುರದ ಕಡೆಗಿದ್ದ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಎರಡು ಬಾಯ್ಲರುಗಳಿದ್ದವು. ೨೦೦೩ರ ಬೇಸಿಗೆಯಲ್ಲಿ ಒಂದನ್ನು ಆರಿಸಿದ್ದರು. ಒಳಗೆ ಕಟ್ಟಿದ ಸುಣ್ಣದ ಪೊರೆ ಕೆರೆಯಬೇಕಿತ್ತು. ಇನ್ನೊಂದು ಉರಿಯುತ್ತಲೇ ಇತ್ತು. ಎರಡರ ಹಬೆಯೂ ಸೇರುತ್ತಿದ್ದುದು ಒಂದೇ ದೊಡ್ಡ ಪೈಪಿಗೆ. ಆ ಹಬೆ ಆರಿದ ಬಾಯ್ಲರಿಗೆ ನುಗ್ಗದಂತೆ ತಡೆದಿದ್ದುದು ಒಂದು ವಾಲ್ವ್ ಮಾತ್ರ. ವಾಲ್ವಿನ ಪಕ್ಕದಲ್ಲಿ ಎರಡು ಪೈಪುಗಳು ಕೂಡುವ, ಬಳೆಯಂಥ ಫ್ಲಾಂಜ್‌ಗಳ ನಡುವೆ ಉಕ್ಕಿನ ತಟ್ಟೆ ತೂರಿಸಿ ದಾರಿಯನ್ನೇ ಮುಚ್ಚಬೇಕೆಂದು ಮೇಂಟೆನೆನ್ಸ್ ಎಂಜಿನಿಯರ್ ರಾಜಶ್ರೀ ಹೇಳಿದ್ದಳು. ತಟ್ಟೆಯೇನೋ ಬಂತು, ಅಳತೆ ತಪ್ಪಿತ್ತು.

"ವಾಲ್ವ್ ಕ್ಲೋಸ್ ಆಗಿದೆಯಲ್ಲ, ಶುರು ಮಾಡ್ಸಿ," ಎಂದರು ಮ್ಯಾನೇಜರ್ ಸೇತುರಾಮ.

ಫಿಟರ್ ಹೊಳೆಪ್ಪ ಪೊರೆ ಕೆರೆಯಲು ಆರಿದ ಬಾಯ್ಲರಿನ ಒಳಗಿಳಿದ. ಅವನು ರಾಜಶ್ರೀಯ ಊರಿನ ಕಡೆಯವನು. ಬಿಟಿಎಂ ಬಡಾವಣೆಯಲ್ಲಿ ಅವಳ ಬಾಡಿಗೆ ಮನೆಯ ಕೆಳಗೇ ಅವನ ಸಂಸಾರ. ಬೆಳಿಗ್ಗೆ ಅವನ ಹೆಂಡತಿ ರೇಣವ್ವ ಇಬ್ಬರಿಗೂ ರೊಟ್ಟಿ ಕಟ್ಟಿ ಕೊಟ್ಟಿದ್ದಳು.

ರಾಜಶ್ರೀಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಆಫೀಸಿಗೆ ಹೋಗಿ ಕೂತಳು, ಎದ್ದು ಬಂದಳು. ಚಹಾ ತರಿಸಿ ಕುಡಿಯದೆ ಬಿಟ್ಟಳು. ಕೊನೆಗೆ ಏಣಿ ಹತ್ತಿ ಪೈಪ್ ಮುಟ್ಟಿದಳು. ಬೆಳಿಗ್ಗೆ ತಣ್ಣಗಿದ್ದ ಜಾಗ, ವಾಲ್ವಿನಿಂದ ಆರಿದ ಬಾಯ್ಲರಿನ ಕಡೆಗೆ ಒಂದು ಮಾರು ದೂರದವರೆಗೂ, ಕೈ ಸುಡುವಷ್ಟು ಕಾದಿತ್ತು.

ದಡದಡನೆ ಇಳಿದು ಬಾಯ್ಲರಿನ ಬಾಯಿಗೆ ಬಗ್ಗಿದಳು. "ಕಾಕಾ, ಹೊರಗ ಬರ್ರಿ."

"ಈಗರ ಹೊಕ್ಕೀನಿ ತಂಗಿ. ಅರ್ಧಾನರ ಆಗ್ಲಿ."

"ಮೊದ್ಲ ಬರ್ರಿ. ವಾಲ್ವ್ ಸೋರಾಕತ್ತೈತಿ."

ಹೊಳೆಪ್ಪ ತೆವಳಿಕೊಂಡು ಹೊರಬಂದ. ಅವನ ಎರಡೂ ಕಾಲು ನೆಲಕ್ಕೆ ತಾಗುವವರೆಗೂ ಅವಳು ಅವನ ತೋಳು ಬಿಡಲಿಲ್ಲ. ಉರಿಯುವ ಬಾಯ್ಲರನ್ನೂ ನಿಲ್ಲಿಸಿ ಎಂದಳು.

ಸೇತುರಾಮರ ಮುಖ ಕೆಂಪಾಯಿತು. "ಹಬೆ ನಿಂತ್ರೆ ಬಣ್ಣದ ತೊಟ್ಟೀಲಿರೋ ಬಟ್ಟೆ ಪೂರ್ತಿ ಹಾಳಾಗತ್ತೆ ಮೇಡಂ. ಓನರ್‌ಗೆ ಯಾರು ಹೇಳ್ತಾರೆ?"

"ನಾನೇ ಹೇಳ್ತೀನಿ ಸಾರ್. ನೀವೊಂದ್ಸಲ ಪೈಪ್ ಮುಟ್ಟಿ ನೋಡಿ."

ಅವರು ಏಣಿ ಹತ್ತಿದರು, ಮುಟ್ಟಿದರು, ಇಳಿದರು. ಬಾಯ್ಲರ್ ನಿಲ್ಲಿಸಲು ತಾವೇ ಹೋದರು.

ಹಬೆಯೆಲ್ಲ ಇಳಿದು ಪೈಪು ತಣಿದ ಮೇಲೆ ಹೊಳೆಪ್ಪನೇ ಬೋಲ್ಟ್ ಸಡಿಲಿಸಿ, ಹೊಸದಾಗಿ ಕತ್ತರಿಸಿದ ದಪ್ಪ ತಟ್ಟೆಯನ್ನು ನಡುವೆ ಕೂರಿಸಿ ಬಿಗಿದ. ಮರುದಿನ ಇನ್ನೊಂದು ಬಾಯ್ಲರ್ ಮತ್ತೆ ಉರಿಯಿತು. ರಾಜಶ್ರೀ ತಟ್ಟೆಯ ಈಚೆಗೆ, ಆರಿದ ಬಾಯ್ಲರಿನ ಕಡೆ, ಅಂಗೈ ಒತ್ತಿ ಬಹಳ ಹೊತ್ತು ನಿಂತಳು. ಪೈಪು ತಣ್ಣಗೇ ಇತ್ತು. ಆದರೂ ಹೊಳೆಪ್ಪ ಒಳಗಿಳಿದಾಗ ಅವಳು ಆಫೀಸಿಗೆ ಹೋಗಲಿಲ್ಲ. ಬಾಯ್ಲರಿನ ಬಾಯಿಯ ಬಳಿ ಸ್ಟೂಲ್ ಹಾಕಿಕೊಂಡು ಕೂತು, ಆಗಾಗ ಕೂಗುತ್ತಿದ್ದಳು.

"ಕಾಕಾ?"

"ಅದೀನಿ."

ಸ್ವಲ್ಪ ಹೊತ್ತಿಗೆ ಮತ್ತೆ, "ಕಾಕಾ?"

"ಅದೀನವ್ವ, ಅದೀನಿ. ನನ್ನ ಕೆಲಸಾ ಮಾಡಾಕ ಬಿಡು."

ಪಕ್ಕದಲ್ಲಿ ನಿಂತಿದ್ದ ಸೇತುರಾಮ ಟಾರ್ಚನ್ನು ಇನ್ನಷ್ಟು ಒಳಕ್ಕೆ ಚಾಚಿ ಹಿಡಿದರು.