ಗಿರಣಿಯ ಬಾಗಿಲು

ಶನಿವಾರ ಮಧ್ಯಾಹ್ನ ಬ್ರೆಡ್ಡು ತರಲು ಹೋದಾಗ ಹಳೆಯ ನೀರಿನ ಗಿರಣಿಯ ಬಾಗಿಲ ಮೇಲೆ ನನ್ನ ಗಂಡ ಕಾಣಲಿಲ್ಲ. ಹಿಂದಿನ ದಿನ ಅಲ್ಲೇ ಇದ್ದ, ಕಪ್ಪು ಅಂಚಿನ ಕಾಗದದಲ್ಲಿ. ಮೀಸೆಯ ಫೋಟೋ, ಅದರ ಕೆಳಗೆ: ಗಿರಣಿಯ ವಲ್ಚೊ ತೀರಿಕೊಂಡು ನಲವತ್ತು ದಿನ, ಭಾನುವಾರ ಹತ್ತಕ್ಕೆ ಸಮಾಧಿಯ ಹತ್ತಿರ ಬನ್ನಿ. ಈಗ ಆ ಜಾಗದಲ್ಲಿ ನಮ್ಮ ರೊಸಿತ್ಸಾ ನದಿ ಹಸಿ ನೀಲಿ ಬಣ್ಣದಲ್ಲಿ ಹರಿಯುತ್ತಿತ್ತು. ಅದರೊಳಗೊಂದು ಮೀನು ನಗುತ್ತಿತ್ತು. ಆ ನದಿಯ ಮೀನು ನಗುವುದನ್ನು ಅರವತ್ತೆಂಟು ವರ್ಷದಲ್ಲಿ ನಾನು ಕಂಡಿಲ್ಲ.

ಏಣಿಯ ಮೇಲೆ ರಲಿತ್ಸಾ ಇದ್ದಳು. ಊರವರನ್ನು ಸೇರಿಸಿಕೊಂಡು ಗಿರಣಿಯ ಗೋಡೆಗೆಲ್ಲ ಚಿತ್ರ ಬರೆಯಲು ರಾಜಧಾನಿ ಸೋಫಿಯಾದಿಂದ ಬಂದ ಹುಡುಗಿ.

"ಇಲ್ಲಿದ್ದ ಕಾಗದ ಎಲ್ಲಮ್ಮ?"

"ಸತ್ತವರ ಕಾಗದಗಳಾ ಅಜ್ಜಿ? ಕೆರೆದು ತೆಗೆದ್ವಿ. ಬಸ್ ಸ್ಟ್ಯಾಂಡ್ ಹಿಂದೆ ಬೇರೆ ಬೋರ್ಡ್ ಹಾಕಿಸ್ತಾರಂತೆ, ಮುಂದಿನ ವಾರ."

"ನನ್ನ ಗಂಡನ ನಲವತ್ತು ನಾಳೆ. ಮುಂದಿನ ವಾರ ಅಲ್ಲ."

ಅವಳು ಕುಂಚ ಕೆಳಗಿಳಿಸಿದಳು. "ಮೀಟಿಂಗಲ್ಲಿ ನೀವೇ ಅಲ್ವಾ ಹೇಳಿದ್ದು? ಬಾಗಿಲನ್ನೂ ಬಿಡಬೇಡ, ಊರೆಲ್ಲ ನೋಡೋದು ಅದನ್ನೇ ಅಂತ. ಎಲ್ಲರೂ ಕೈ ಎತ್ತಿದ್ರು."

ನಿಜ, ಹೇಳಿದ್ದು ನಾನೇ. ಸಿಟ್ಟು ಇನ್ನೂ ಏರಿತು. ಊರು ಆ ಬಾಗಿಲನ್ನು ನೋಡುವುದು ಯಾರು ಹೋದರೆಂದು ತಿಳಿಯಲು. ಅದನ್ನು ಬಾಯಿಬಿಟ್ಟು ಹೇಳಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕಾಗದಗಳ ಸುತ್ತ ಬರೆಯುತ್ತಾಳೆ ಅಂದುಕೊಂಡಿದ್ದೆವು.

ಎದುರಿನ ಕ್ಷೌರದ ಅಂಗಡಿಯ ಪೆಂಚೊ ಹೊಸ್ತಿಲಲ್ಲಿ ನಿಂತಿದ್ದ. "ಆ ಮೀನಿಗೆ ಹೇಳ್ಬಿಡು ನೆದ್ಯಲ್ಕ ಅಕ್ಕ, ಬಾಯಿ ತೆರ್ಕೊಂಡೇ ಇದೆ. ಊರಿಗೆಲ್ಲ ಸಾರುತ್ತೆ."

"ಬಾಗಿಲಿಂದ ವಲ್ಚೊನ ಮುಖ ಕೆರೀವಾಗ ನಿನ್ನ ಬಾಯಿ ಎಲ್ಲಿ ಹೋಗಿತ್ತು? ಎಷ್ಟು ವರ್ಷ ಅವನ ಹಿಟ್ಟು ತಿಂದಿದ್ದೀಯ."

ಪೆಂಚೊ ಒಳಗೆ ಹೋದ.

ಈ ಕಾಗದ ಅಚ್ಚು ಹಾಕುವವನು ಸೋಮವಾರದವರೆಗೆ ಅಂಗಡಿ ತೆರೆಯುವುದಿಲ್ಲ. ಬಾಗಿಲ ಮೇಲೆ ಕಾಗದವಿಲ್ಲದಿದ್ದರೆ ಕರೆಯೇ ಇಲ್ಲ. ನಾಳೆ ಸಮಾಧಿಯ ಮುಂದೆ ಪಾದ್ರಿ ಮತ್ತು ನಾನು, ಇಬ್ಬರೇ. ಮನೆಗೆ ಹೋಗಿ ನಮ್ಮ ಗೇಟಿಗೆ ಅಂಟಿಸಿದ್ದ ಪ್ರತಿಯನ್ನು ಬಿಸಿನೀರು ಹಚ್ಚಿ ಮೆಲ್ಲಗೆ ಬಿಡಿಸಿದೆ. ನಾಳೆ ಸಮಾಧಿಯ ಹತ್ತಿರ ಬಂದವರಿಗೆ ಹಂಚುವ ಗೋಧಿ ಒಲೆಯ ಮೇಲೆ ಬೇಯುತ್ತಿತ್ತು. ಅದರ ಪಕ್ಕದಲ್ಲೇ ಮೈದಾ ಅಂಟು ಕಾಯಿಸಿದೆ.

ಪಾತ್ರೆ ಹಿಡಿದು ವಾಪಸು ಬಂದವಳು ನೇರ ನದಿಯ ನಡುವೆ ಅಂಟು ಬಳಿದೆ.

"ಬಣ್ಣ ಒಣಗಿಲ್ಲ ಅಜ್ಜಿ."

"ಒಳ್ಳೇದೇ ಆಯ್ತು. ಗಟ್ಟಿ ಹಿಡಿಯುತ್ತೆ."

"ನಾಳೆ ಹತ್ತಕ್ಕೇ ಚಿತ್ರ ನೋಡೋಕೆ ಮೇಯರ್ ಬರ್ತಾರೆ. ಮೂರು ವಾರದ ಕೆಲಸ ಇದು."

"ಇವನದ್ದು ನಲವತ್ತೊಂದು ವರ್ಷದ್ದು. ಇದೇ ಬಾಗಿಲ ಹಿಂದೆ."

ಕಾಗದವನ್ನು ಅಂಟಿನ ಮೇಲೆ ಒತ್ತಿದೆ. ಹಸಿ ಬಣ್ಣದ ಮೇಲೆ ಅದು ಒಂದು ಕಡೆಗೆ ಜಾರಿತು. ರಲಿತ್ಸಾ ಏಣಿಯಿಂದಿಳಿದು ಮೇಲಿನ ಮೂಲೆ ಹಿಡಿದುಕೊಂಡಳು. ಅವಳ ಹೆಬ್ಬೆರಳ ನೀಲಿ ವಲ್ಚೊನ ಮೀಸೆಗೆ ಹತ್ತಿತು. ಇಬ್ಬರೂ ಅದನ್ನು ಕಂಡೆವು. ಅವಳು ಒರೆಸಲು ಹೋಗಲಿಲ್ಲ, ನಾನು ಬೈಯಲಿಲ್ಲ. ಉಪಕಾರವಾಯಿತೆಂದೂ ಹೇಳಲಿಲ್ಲ.

"ನಾಳೆ ನೀನೂ ಬಾ. ಗೋಧಿ ತಿನ್ನುವಂತೆ."

"ಮೇಯರ್?"

"ಮೀನು ನೋಡ್ತಾ ನಿಂತಿರ್ಲಿ."

ಬ್ರೆಡ್ಡಿನ ಚೀಲ ಹಿಡಿದ ಇಬ್ಬರು ಹೆಂಗಸರು ಆಗಲೇ ಬಾಗಿಲ ಮುಂದೆ ನಿಂತು ಓದತೊಡಗಿದ್ದರು. ಪೆಂಚೊ ಮತ್ತೆ ಹೊರಗೆ ಬಂದು, ನನ್ನ ಮುಖ ನೋಡದೆ ಕೇಳಿದ, "ಹತ್ತಕ್ಕಲ್ವಾ ಅಕ್ಕ?"

"ಓದೋಕೆ ಬರುತ್ತಲ್ಲ," ಎಂದೆ.