ಬಚ್ಚಲೊಲೆಗೆ ಹಾಲಿನ ಕವರು

ಉತ್ತರಹಳ್ಳಿಯ ಅಣ್ಣಮ್ಮನ ಮನೆಯಲ್ಲಿ ಏನನ್ನೂ ಬಿಸಾಡುವ ಪದ್ಧತಿಯೇ ಇರಲಿಲ್ಲ. ಹರಿದ ಸೀರೆ ನೆಲ ಒರೆಸುವ ಬಟ್ಟೆಯಾಗುತ್ತಿತ್ತು, ತೂತಾದ ಬಕೆಟ್ಟು ಹೂವಿನ ಕುಂಡವಾಗುತ್ತಿತ್ತು, ಖಾಲಿ ಹಾಲಿನ ಕವರು ಬಚ್ಚಲೊಲೆಗೆ ಹೋಗುತ್ತಿತ್ತು. ಬೆಳಿಗ್ಗೆ ಎರಡು ಕವರು ಮುದುರಿ ಹಂಡೆಯ ಕೆಳಗಿಟ್ಟು ಕಡ್ಡಿ ಗೀರಿದರೆ ಸಾಕು, ಭಗ್ಗನೆ ಹತ್ತಿಕೊಳ್ಳುತ್ತಿತ್ತು. ಅದರ ಮೇಲೆ, ಎದುರು ಬೀದಿಯಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನಿಂದ ಆರಿಸಿ ತಂದ ಬಣ್ಣದ ಪ್ಲೈವುಡ್ ಚೂರು. "ಸೀಮೆಎಣ್ಣೆನೂ ಉಳೀತು, ಕಸಾನೂ ಖಾಲಿಯಾಯ್ತು" ಎಂದು ಅಣ್ಣಮ್ಮ ಬೀಗುತ್ತಿದ್ದಳು.

ಅಂಥ ಮನೆಯಲ್ಲಿ ಒಂದೇ ಒಂದು ಚಿಂತೆ. ಏಳು ವರ್ಷದ ಮೊಮ್ಮಗಳು ತೇಜಸ್ವಿನಿಗೆ ಬೆಳಗಾದರೆ ಉಬ್ಬಸ. ಎದೆಯಲ್ಲಿ ಸುಂಯ್ ಸುಂಯ್ ಎಂದು ಸದ್ದು, ಪಕ್ಕೆ ಗುಳಿ ಬೀಳುವಷ್ಟು ಎಳೆದಾಟ. ವಾರಕ್ಕೊಮ್ಮೆಯಾದರೂ ಆಟೋ ಹಿಡಿದು ಡಾಕ್ಟರ ಹತ್ತಿರ ಓಡಬೇಕು. ಶಾಲೆಗೆ ಹೋದ ದಿನಕ್ಕಿಂತ ಹೋಗದ ದಿನವೇ ಹೆಚ್ಚು. ಲಾರಿ ಧೂಳು, ಚಳಿ, ದೃಷ್ಟಿ ಎಂದು ಅಣ್ಣಮ್ಮ ದಿನಕ್ಕೊಂದು ಕಾರಣ ಹೇಳುತ್ತಿದ್ದಳು.

ಆದರೆ ದಸರಾ ರಜೆಗೆ ಚನ್ನಪಟ್ಟಣಕ್ಕೆ, ತಾಯಿಯ ತವರಿಗೆ ಹೋದ ಮಗು ಹದಿನೈದು ದಿನವೂ ಚೆನ್ನಾಗಿ ಕುಣಿದಾಡಿಕೊಂಡಿತ್ತು. ವಾಪಸು ಬಂದ ಮೂರನೇ ದಿನವೇ ಮತ್ತೆ ಉಬ್ಬಸ. ಸಂಕ್ರಾಂತಿ ಕಳೆದ ಮೇಲೆ ಸೊಸೆ ಭಾಗ್ಯಜ್ಯೋತಿ ಗಟ್ಟಿ ಮನಸ್ಸು ಮಾಡಿದಳು.

"ಅತ್ತೆ, ಪರೀಕ್ಷೆ ಮುಗಿದ ತಕ್ಷಣ ತೇಜುಗೆ ಟಿ.ಸಿ. ತಗೋತೀನಿ. ಚನ್ನಪಟ್ಟಣದಲ್ಲೇ ಓದ್ಲಿ. ನಮ್ಮಮ್ಮ ನೋಡ್ಕೋತಾರೆ."

ದಸರೆಯ ಹದಿನೈದು ದಿನ ಮೊಮ್ಮಗಳಿಲ್ಲದೆ ಕಳೆಯುವುದೇ ಅಣ್ಣಮ್ಮನಿಗೆ ಕಷ್ಟವಾಗಿತ್ತು. ಈಗ ವರ್ಷವಿಡೀ ಅವಳನ್ನು ಬಿಟ್ಟಿರಬೇಕು. ಆ ನೋವು ಕೋಪವಾಗಿ ಹೊರಗೆ ಬಂತು. "ಏನೇ ಹಂಗಂದ್ರೆ? ನಮ್ಮನೆ ಗಾಳಿ ಏನು ವಿಷಾನಾ?" ಎಂದಳು. ಭಾಗ್ಯಜ್ಯೋತಿ ಮಗುವಿನ ಬೆನ್ನು ಸವರುತ್ತ ಕೂತಳು.

ಆ ವಾರವೇ ಪೋಲಿಯೋ ಹನಿ ತಪ್ಪಿಸಿಕೊಂಡ ಮಕ್ಕಳನ್ನು ಹುಡುಕುತ್ತ ನರ್ಸ್ ಕಮಲಾದೇವಿ ಬಾಗಿಲಿಗೆ ಬಂದರು. ಬೆಳಿಗ್ಗೆ ಎಂಟು ಗಂಟೆ. ಬಚ್ಚಲಿನಿಂದ ಹೊಗೆ ಪಡಸಾಲೆಗೆ ನುಗ್ಗುತ್ತಿತ್ತು. ಒಳಗೆ ತೇಜು ಕೆಮ್ಮುತ್ತಿದ್ದಳು.

"ಏನ್ ಸುಡ್ತಿದೀರಾ ಅಣ್ಣಮ್ಮನೋರೇ? ಗಂಟಲು ಉರೀತಿದೆ."

"ಸ್ನಾನಕ್ಕೆ ಬಿಸಿನೀರು ಕಣ್ರೀ ನರ್ಸಮ್ಮ. ಹಾಲಿನ ಕವರ್, ಬಣ್ಣದ ಪ್ಲೈವುಡ್ ಚೂರು ಹಾಕಿದ್ರೆ ಬೇಗ ಹತ್ಕೊಳುತ್ತೆ."

"ಅಯ್ಯೋ, ಪ್ಲಾಸ್ಟಿಕ್ ಸುಡ್ಬಾರ್ದು. ಆ ಹೊಗೇಲಿ ವಿಷ ಇರುತ್ತೆ. ಎದೆ ಸೂಕ್ಷ್ಮ ಇರೋ ಮಗು ಅದನ್ನೇ ಕುಡೀತಾ ಇದ್ರೆ ಉಬ್ಬಸ ಬರದೆ ಇರುತ್ತಾ?"

"ನಮ್ಮತ್ತೆ ಕಾಲದಿಂದ ಇದೇ ಒಲೆ. ಯಾರಿಗೂ ಏನೂ ಆಗಿಲ್ಲ ಬಿಡಿ."

"ನಿಮ್ಮತ್ತೆ ಒಲೆಗೆ ಏನ್ ಹಾಕ್ತಿದ್ರು?"

"ಏನ್ ಹಾಕ್ತಾರೆ? ತೊಗರಿ ಕಡ್ಡಿ, ತೆಂಗಿನ ಗರಿ, ಸರ್ವೆ ಪುಳ್ಳೆ."

"ಹಾಲಿನ ಕವರ್ ಇತ್ತಾ? ಬಣ್ಣ ಬಳಿದ ಪ್ಲೈವುಡ್ ಇತ್ತಾ? ಒಲೆ ಅದೇ ಅಣ್ಣಮ್ಮನೋರೇ. ಒಲೆಗೆ ಬೀಳೋದು ಬೇರೆ ಆಗಿದೆ."

ಅಣ್ಣಮ್ಮನಿಗೆ ರೇಗಿತು. "ಅಂದ್ರೆ, ನನ್ ಮೊಮ್ಮಗಳಿಗೆ ನಾನೇ ವಿಷ ಹಾಕ್ತಿದೀನಿ ಅಂತೀರಾ?"

"ಗೊತ್ತಿಲ್ಲದೆ" ಎಂದರು ಕಮಲಾದೇವಿ, ಮೆಲ್ಲಗೆ. ಬಾಗಿಲ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಮುಂದಿನ ಮನೆಗೆ ನಡೆದರು. ಅಣ್ಣಮ್ಮ ಕಾಫಿ ಕುಡೀರಿ ಎಂದು ಬಾಯಿಮಾತಿಗೂ ಕರೆಯಲಿಲ್ಲ.

ಗೊಣಗುತ್ತಲೇ ಒಲೆಯ ಬೂದಿ ಬಾಚಲು ಕೂತಳು. ಮೊರದ ತುಂಬ ಕಪ್ಪು ಗಂಟು, ಅಂಟು ಅಂಟು. ಅತ್ತೆಯ ಕಾಲದಲ್ಲಿ ಬಿಳಿ ಬೂದಿ ಬರುತ್ತಿತ್ತು, ಅದರಲ್ಲೇ ಹಿತ್ತಾಳೆ ಪಾತ್ರೆ ಉಜ್ಜುತ್ತಿದ್ದರು. ಈ ಬೂದಿಯನ್ನು ಅಣ್ಣಮ್ಮ ಪಾತ್ರೆಗೆ ಮುಟ್ಟಿಸುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು, ಕೈಗೆ ನಾತ ಹಿಡಿಯುತ್ತದೆಂದು. ಅವಳ ಕೈ ಅಲ್ಲೇ ನಿಂತಿತು. ಪಾತ್ರೆಗೆ ಬೇಡವಾದದ್ದನ್ನು ಮಗುವಿನ ಎದೆಗೆ ಕೊಟ್ಟೆನಲ್ಲಾ ಎಂದುಕೊಂಡು ಮೊರವನ್ನು ಪಕ್ಕಕ್ಕೆ ಸರಿಸಿದಳು.

ಎದ್ದು ನೇರ ಸೊಸೆಯ ಮುಂದೆ ನಿಂತಳು. "ಭಾಗ್ಯ, ಈ ಹೊಗೆ ನಿಲ್ಲಿಸಿ ನೋಡ್ತೀನಿ, ಪರೀಕ್ಷೆ ಮುಗಿಯೋವರೆಗೂ ಟೈಮ್ ಕೊಡು. ಆಮೇಲೆ ನೀನು ಹೇಳಿದ ಹಾಗೇ ಆಗ್ಲಿ."

ಮಧ್ಯಾಹ್ನ ಆರೋಗ್ಯ ಕೇಂದ್ರಕ್ಕೆ ತಾನೇ ಹೋದಳು. "ನರ್ಸಮ್ಮ, ಬೆಳಿಗ್ಗೆ ಮಾತು ಒರಟಾಯ್ತು, ಮನಸ್ಸಲ್ಲಿಟ್ಕೋಬೇಡಿ. ಸುಡಬಾರ್ದು ಸರಿ. ಮತ್ತೆ ಕವರ್ ಏನ್ ಮಾಡ್ಲಿ?"

ಕಮಲಾದೇವಿ ನಕ್ಕರು. "ತೊಳೆದು ಒಣಗಿಸಿಡಿ, ಹಳೇ ಪೇಪರ್ ಅಂಗಡಿಯವ್ರು ತಗೋತಾರೆ. ತರಕಾರಿಗೆ ಬಟ್ಟೆ ಚೀಲ ಹಿಡ್ಕೊಂಡು ಹೋದ್ರೆ ಬೇರೆ ಕವರ್ ಮನೆಗೇ ಬರಲ್ಲ. ಒಲೆಗೆ ತೆಂಗಿನ ಚಿಪ್ಪು, ಒಣಗಿದ ಗರಿ ಮಾತ್ರ. ಅದರ ಹೊಗೇನೂ ಮಗೂಗೆ ಆಗಲ್ಲ, ಒಂದು ಕೊಳವೆ ಹಾಕಿಸಿ ಮೇಲಕ್ಕೆ ಬಿಡಿ. ಸಿಪ್ಪೆ, ತರಗೆಲೆ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ತಿಪ್ಪೆ ಮಾಡೋದು ನಿಮಗೆ ನಾನು ಹೇಳ್ಕೊಡ್ಬೇಕಾ?"

ಮಗ ವೇಣು ಭಾನುವಾರ ತಗಡಿನ ಕೊಳವೆ ಹಾಕಿಸಿ, ಹಿತ್ತಲಲ್ಲೊಂದು ಗುಂಡಿ ತೋಡಿದ. ಅವನ ಹಳೆಯ ಪ್ಯಾಂಟು ಎರಡು ಚೀಲವಾಯಿತು. "ಅಮ್ಮ, ಜೇಬು ಹಂಗೇ ಬಿಟ್ಟಿದೀಯಲ್ಲ!" ಎಂದು ಅವನು ಗೇಲಿ ಮಾಡಿದರೆ, "ಕೊತ್ತಂಬರಿ ಸೊಪ್ಪು ಇಡೋಕೆ ಕಣೋ" ಎಂದಳು. ಹಿತ್ತಲಿನ ಹಗ್ಗದ ಮೇಲೆ ಹಾಲಿನ ಕವರುಗಳು ಬಟ್ಟೆಯ ಜೊತೆ ಒಣಗತೊಡಗಿದವು.

ಎಂಟು ದಿನ ಮಗು ಆರಾಮಾಗಿತ್ತು. ಒಂಬತ್ತನೇ ಬೆಳಿಗ್ಗೆ ಮತ್ತೆ ಸುಂಯ್ ಸುಂಯ್. ಅಣ್ಣಮ್ಮ ಹೊರಗೆ ಓಡಿದಳು. ಪಕ್ಕದ ಖಾಲಿ ಸೈಟಿನಲ್ಲಿ ಕಸದ ಗುಡ್ಡೆ ಉರಿಯುತ್ತಿತ್ತು, ಕವರು, ಹಳೆ ಚಪ್ಪಲಿ ಎಲ್ಲ. ಒಂದು ಕಾಲಕ್ಕೆ ಅದು ಇವರದೇ ತಿಪ್ಪೆ. ಜಾಗ ಮಾರಿದ ಮೇಲೂ ಅಣ್ಣಮ್ಮ ಅಭ್ಯಾಸಬಲದಿಂದ ಬೂದಿ, ಸಿಪ್ಪೆಯನ್ನು ಅಲ್ಲೇ ಸುರಿಯುತ್ತಿದ್ದಳು. ಅವಳನ್ನು ನೋಡಿ ಬೀದಿಯೇ ಕಲಿತಿತ್ತು.

ಬಟ್ಟೆ ಜಾಲಿಸಿದ ನೀರಿನ ಬಕೆಟ್ಟು ತಂದು ಬೆಂಕಿಗೆ ಸುರಿದಳು. ಎದುರು ಮನೆಯ ಗಂಗಾಧರಯ್ಯ ಪಂಚೆ ಎತ್ತಿ ಕಟ್ಟಿಕೊಂಡು ಬಂದರು.

"ಏನಮ್ಮಾ ಇದು? ಕಸದ ಗಾಡಿ ದಿನಾ ಬರಲ್ಲ. ಸುಡದೆ ತಲೆ ಮೇಲೆ ಇಟ್ಕೊಳ್ಳೋದಾ?"

"ಸಿಪ್ಪೆ ನನಗೆ ಕೊಡಿ, ಗುಂಡೀಲಿ ಜಾಗ ಇದೆ. ಕವರ್ ತೊಳೆದಿಡಿ. ಉಳಿದಿದ್ದು ಗಾಡಿ ಬರೋವರೆಗೂ ಚೀಲದಲ್ಲಿ ಕಟ್ಟಿಡಿ. ಇದನ್ನ ಶುರು ಮಾಡ್ದೋಳು ನಾನೇ, ನಿಲ್ಸೋಳೂ ನಾನೇ."

"ನಾಳೆ ಮತ್ತೆ ಹಚ್ತೀನಿ."

"ನಾಳೇನೂ ಬಕೆಟ್ ತರ್ತೀನಿ."

ಆರು ದಿನ ಅವರು ಹಚ್ಚಿದರು, ಆರು ದಿನ ಇವಳು ಆರಿಸಿದಳು. ಕೆಲವರು ನಕ್ಕರು, ಒಬ್ಬಿಬ್ಬರು ಬೈದರು. ಅಣ್ಣಮ್ಮ ಜಗ್ಗಲಿಲ್ಲ. ಏಳನೇ ದಿನ ಗಂಗಾಧರಯ್ಯ ಬಾಳೆಕಾಯಿ ಸಿಪ್ಪೆಯ ಬಕೆಟ್ಟು ಹಿಡಿದು ಗೇಟಿನ ಹತ್ತಿರ ನಿಂತಿದ್ದರು. "ಎಲ್ಲಿ ಹಾಕ್ಬೇಕು ತೋರ್ಸಮ್ಮ" ಎಂದರು. ಆಮೇಲೆ ಒಬ್ಬೊಬ್ಬರೇ ಬಂದರು.

ತೇಜುಗೆ ಡಾಕ್ಟರು ಹೇಳಿದ ಔಷಧಿಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಉಬ್ಬಸ ಪೂರ್ತಿ ಹೋಯಿತೆಂದು ಹೇಳುವಂತಿಲ್ಲ. ಆದರೆ ವಾರವಾರ ಆಟೋ ಹಿಡಿಯುವುದು ತಪ್ಪಿತು. ಫೆಬ್ರವರಿ, ಮಾರ್ಚ್ ಎರಡು ತಿಂಗಳಲ್ಲಿ ಡಾಕ್ಟರ ಹತ್ತಿರ ಓಡಿದ್ದು ಒಂದೇ ಸಲ. ತೇಜು ಎಲ್ಲ ಪರೀಕ್ಷೆಯನ್ನೂ ಬರೆದಳು.

ಕೊನೆಯ ಪರೀಕ್ಷೆಯ ದಿನ ಬಂತು. ಅಣ್ಣಮ್ಮ ಕೊಟ್ಟ ಮಾತು ತಪ್ಪುವವಳಲ್ಲ. ಸಂಜೆ ತಾನೇ ಕೇಳಿದಳು. "ಭಾಗ್ಯ, ಟಿ.ಸಿ. ತರೋಕೆ ಯಾವತ್ತು ಹೋಗ್ತೀಯಾ?"

ಸೊಸೆ ಹುರುಳಿಕಾಯಿ ಬಿಡಿಸುತ್ತಿದ್ದವಳು ತಲೆ ಎತ್ತಿದಳು. "ಟಿ.ಸಿ. ಯಾಕತ್ತೆ? ಮುಂದಿನ ಕ್ಲಾಸಿನ ಪುಸ್ತಕ ತರೋಕೆ ಹೋಗ್ಬೇಕು. ನೀವೂ ಬನ್ನಿ, ಚೀಲ ಹಿಡ್ಕೊಂಡು."

ಅಣ್ಣಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. ಭಾಗ್ಯಜ್ಯೋತಿಯ ಕಣ್ಣೂ ತುಂಬಿತು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬೀದಿಯಲ್ಲೂ ಒಂದು ಖಾಲಿ ಸೈಟಿರಬಹುದು, ಅಲ್ಲೊಂದು ಗುಡ್ಡೆ ಹೊಗೆಯಾಡುತ್ತಿರಬಹುದು. ಯಾರೋ ಬಂದು ಸರಿ ಮಾಡಲಿ ಎಂದು ಕಾಯಬೇಡಿ. ಪ್ಲಾಸ್ಟಿಕ್ಕನ್ನು ಒಲೆಗೂ ಹಾಕಬೇಡಿ, ಬೀದಿಯಲ್ಲೂ ಸುಡಬೇಡಿ. ಸಿಪ್ಪೆಯನ್ನು ಮಣ್ಣಿಗೆ ಕೊಡಿ, ಸಂತೆಗೆ ಚೀಲ ಒಯ್ಯಿರಿ. ಅಕ್ಕಪಕ್ಕದವರು ನಕ್ಕರೆ ನಗಲಿ, ಮಾರನೇ ದಿನವೂ ಹೋಗಿ ಹೇಳಿ. ನೀವು ಇವತ್ತು ಬೆಳಿಗ್ಗೆ ಸುಟ್ಟಿದ್ದನ್ನೇ ನಿಮ್ಮ ಮನೆಯ ಮಗು ಉಸಿರಾಡುತ್ತಿದೆ.